ನಮ್ಮ ಪಗಾರ, ಅವರ ಪಗಾರ್
ಸ್ಪ್ಯಾನಿಷ್ ಭಾಷೆಯ ಕೆಲವು ಮೋಜಿನ ಮಾತುಗಳು



ನಮ್ಮ ವಾಚನಾಲಯದ ಮಿತ್ರರೊಬ್ಬರು ಜಾತ್ರೆಗೆಂದು ಊರಿಗೆ ಹೋಗಿ ಬಂದರು. ಬಂದವರ ಮುಖದಲ್ಲಿ ಜಾತ್ರೆಯ ಕಳೆ ಇರಲಿಲ್ಲ. ಕಾರಣ ಕೇಳಿದರೆ ಸಣ್ಣದೇ. ಅಲ್ಲಿ ಬಂಧುಗಳ ನಡುವೆ ಕುಳಿತು ಮಾತಾಡುವಾಗ ಅವರು, "ಈ ತಿಂಗಳ ಪಗಾರ ಇನ್ನೂ ಆಗಿಲ್ಲ, ಖೋಲಿಯ ಚಾವಿಯನ್ನು ಪಕ್ಕದವರಲ್ಲಿ ಕೊಟ್ಟು ಬಂದಿದ್ದೇನೆ" ಎಂದರಂತೆ. ಬೆಂಗಳೂರಿನಿಂದ ಬಂದಿದ್ದ ನೆಂಟರೊಬ್ಬರು ನಕ್ಕು, "ನಿಮ್ಮ ಮುಂಬಯಿ ಕನ್ನಡ ಕನ್ನಡವೇ ಅಲ್ಲ, ಬರೀ ಕಿಚಡಿ" ಎಂದುಬಿಟ್ಟರಂತೆ. ಸುತ್ತ ಕುಳಿತ ಹುಡುಗರೆಲ್ಲ ನಕ್ಕರು. ಆ ಹುಡುಗರಲ್ಲಿ ಇವರ ಮಗನೂ ಒಬ್ಬ. "ಇಪ್ಪತ್ತು ವರ್ಷ ಪರಸ್ಥಳದಲ್ಲಿದ್ದೂ ಮನೆಯಲ್ಲಿ ಕನ್ನಡ ಬಿಡಲಿಲ್ಲವೆಂದು ಹೆಮ್ಮೆಪಡುತ್ತಿದ್ದೆ. ಈಗ ನೋಡಿದರೆ ಅದು ಕೆಟ್ಟೇ ಹೋಗಿದೆಯೇನೋ" ಎಂದು ಅವರು ನಮ್ಮೆದುರು ನೊಂದುಕೊಂಡರು.

ಈ ಮಾತಿಗೆ ಉತ್ತರ ಕೊಡಬೇಕೆಂದು ಹೊರಟ ನಾನು ಹೋಗಿ ತಲಪಿದ್ದು ಸ್ಪೇನ್ ದೇಶವನ್ನು! ಅಲ್ಲಿಯ ಭಾಷೆಯಲ್ಲಿ ಎಷ್ಟೋ ತಮಾಷೆಯ ಮಾತುಗಳಿವೆ. ಅವುಗಳ ಬೆನ್ನು ಹಿಡಿದು ಹೋದರೆ ನಮ್ಮ ಮಿತ್ರರ ಪ್ರಶ್ನೆಗೂ ಸಮಾಧಾನ ದೊರೆಯುತ್ತದೆ. ಆದುದರಿಂದ ಸ್ವಲ್ಪ ಸಾವಧಾನದಿಂದ ಓದಬೇಕೆಂದು ಪ್ರಾರ್ಥನೆ.

ಪಗಾರದ ಹುಟ್ಟೂರು

ಸ್ಪೇನ್ ಮತ್ತು ಪೋರ್ತುಗಲ್ ಅಕ್ಕಪಕ್ಕದ ದೇಶಗಳು. ಅವುಗಳ ನುಡಿಗಳೆರಡೂ ಲ್ಯಾಟಿನ್ ತಾಯಿಯ ಮಕ್ಕಳು. ನಮ್ಮ ಮರಾಠಿ ಮತ್ತು ಕೊಂಕಣಿಗಳಂತೆ, ಒಂದು ಬಲ್ಲವನು ಇನ್ನೊಂದನ್ನು ಅರ್ಧಕ್ಕರ್ಧ ತಿಳಿದುಕೊಳ್ಳಬಲ್ಲ. ಇವರಲ್ಲಿ ನಮ್ಮ ಕರಾವಳಿಗೆ ಬಂದವರು ಪೋರ್ತುಗೀಜರು. ಅವರು ೧೫೧೦ರಲ್ಲಿ ಗೋವೆಯನ್ನು ಹಿಡಿದರು. ೧೫೩೪ರಲ್ಲಿ ಗುಜರಾತಿನ ಸುಲ್ತಾನ ಬಹಾದುರಶಹನಿಂದ ವಸಈ ಪ್ರದೇಶವನ್ನು ಪಡೆದರು. ೧೫೬೮-೬೯ರಲ್ಲಿ ನಮ್ಮ ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ ಕೋಟೆ ಕಟ್ಟಿಕೊಂಡರು. ಸೀವುಡ್ಸಿನಿಂದ ಒಂದೇ ನಿಲ್ದಾಣದಾಚೆ ಇರುವ ಬೇಲಾಪುರದ ಹಳೆಯ ಕೋಟೆಯೂ ಕೆಲವು ಕಾಲ ಅವರ ಕೈಯಲ್ಲಿದ್ದು, ಮುಂದೆ ಮರಾಠರ ವಶವಾಯಿತು. ಇನ್ನೊಂದು ಸ್ವಾರಸ್ಯ ಕೇಳಿ: ೧೫೮೦ರಿಂದ ೧೬೪೦ರ ವರೆಗೆ ಸ್ಪೇನಿನ ಅರಸನೇ ಪೋರ್ತುಗಲ್ಲಿನ ಅರಸನೂ ಆಗಿದ್ದ. ಹಾಗಾಗಿ ಅರವತ್ತು ವರ್ಷ ಕಾಲ ವಸಈಯ ಕೋಟೆಗೂ ಮಂಗಳೂರಿನ ಕೋಟೆಗೂ ಸ್ಪೇನಿನ ದೊರೆಯೇ ಒಡೆಯ!

ಕೋಟೆಗಳು ಬಿದ್ದುಹೋದವು, ಮಾತುಗಳು ಉಳಿದವು. ಉಳಿಸಿದವರು ಅರಸರಲ್ಲ, ಹಡಗಿನ ಖಲಾಸಿಗಳು, ಅಡಿಗೆಯವರು, ಗಾರೆ ಕೆಲಸದವರು, ಸಾಮಾನು ಇಳಿಸುವ ಹಮಾಲರು. ನಮ್ಮಂಥವರೇ ಎನ್ನಿ.

ನಮ್ಮ ಪಗಾರವನ್ನೇ ತೆಗೆದುಕೊಳ್ಳಿ. ಪೋರ್ತುಗೀಜದಲ್ಲಿಯೂ ಸ್ಪ್ಯಾನಿಷಿನಲ್ಲಿಯೂ 'ಪಗಾರ್' ಎಂದರೆ ಹಣ ಸಲ್ಲಿಸುವುದು. ಮರಾಠಿಯಲ್ಲಿ ಅದು ಸಂಬಳವಾಯಿತು. ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳ ಕನ್ನಡದಲ್ಲಿಯೂ ನೆಲೆಸಿತು. ಈ ಮಾತಿನ ಮೂಲ ಲ್ಯಾಟಿನ್. ಅಲ್ಲಿ ಅದರ ಅರ್ಥ 'ಸಮಾಧಾನಪಡಿಸು' ಎಂದು! ಸಾಲ ಕೊಟ್ಟವನನ್ನು ಶಾಂತಗೊಳಿಸುವುದೇ ಪಗಾರ್. ಒಂದನೆಯ ತಾರೀಖಿನಂದು ಕಿರಾಣಿಯವನನ್ನೂ ಖೋಲಿಯ ಮಾಲಿಕನನ್ನೂ ಶಾಂತಗೊಳಿಸಿ, ತಾನು ಮಾತ್ರ ಅಶಾಂತನಾಗಿ ಮನೆಗೆ ಬರುವ ಗುಮಾಸ್ತನಿಗೆ ಈ ವ್ಯುತ್ಪತ್ತಿಯನ್ನು ವಿವರಿಸಬೇಕಾಗಿಲ್ಲ.

ಇನ್ನು ಚಾವಿ. ಪೋರ್ತುಗೀಜದ 'ಶಾವೆ' ನಮ್ಮಲ್ಲಿ ಚಾವಿಯಾಯಿತು. ಸ್ಪ್ಯಾನಿಷಿನಲ್ಲಿ ಅದೇ 'ಯಾವೆ'. ಸ್ಪ್ಯಾನಿಷ್ ಮಾತಾಡುವ ಕೆಲವು ಸೀಮೆಗಳಲ್ಲಿ ನೀರಿನ ನಲ್ಲಿಗೂ ಯಾವೆ ಎನ್ನುತ್ತಾರೆ. ನಟ್ಟು ತಿರುಗಿಸುವ, ಹಿಗ್ಗಿಸಿ ಕುಗ್ಗಿಸಬಹುದಾದ ಪಾನೆಗೆ ಅವರು ಇಟ್ಟ ಹೆಸರು 'ಇಂಗ್ಲಿಷ್ ಚಾವಿ'. ನಮ್ಮ ಬಾಲ್ದಿ ಅಲ್ಲಿಯೂ 'ಬಾಲ್ದೆ'ಯೇ. 'ಇಸ್ತ್ರಿ'ಯ ಮೂಲ 'ಎಸ್ತಿರಾರ್', ಎಂದರೆ ಎಳೆದು ಚಾಚುವುದು.

ಮೇಸ್ತ್ರಿಯ ಕಥೆ ಇನ್ನೂ ಚೆನ್ನಾಗಿದೆ. ಪೋರ್ತುಗೀಜದ 'ಮೆಸ್ತ್ರೆ', ಸ್ಪ್ಯಾನಿಷಿನ 'ಮಾಯೆಸ್ತ್ರೊ', ಇಂಗ್ಲಿಷಿನ 'ಮಾಸ್ಟರ್' ಮೂರೂ ಒಂದೇ ಲ್ಯಾಟಿನ್ ಬೇರಿನ ಚಿಗುರುಗಳು. ಗುರು, ನಿಪುಣ ಎಂದು ಅರ್ಥ. ಮೊದಲನೆಯದರಿಂದ ನಮ್ಮ ಗಾರೆ ಕೆಲಸದ ಮೇಸ್ತ್ರಿ ಹುಟ್ಟಿದ. ಕೊನೆಯದರಿಂದ ಶಾಲೆಯ ಮೇಷ್ಟ್ರು ಹುಟ್ಟಿದರು. ಒಬ್ಬರ ಕೈಯಲ್ಲಿ ಕರಣೆ, ಇನ್ನೊಬ್ಬರ ಕೈಯಲ್ಲಿ ಸೀಮೆಸುಣ್ಣ, ಮನೆತನ ಒಂದೇ. ನವಿ ಮುಂಬಯಿಯ ಕಟ್ಟಡಗಳಲ್ಲಿ ದುಡಿಯುವ ನಮ್ಮ ಕಲಬುರ್ಗಿ, ವಿಜಯಪುರದ ಅಣ್ಣಂದಿರು ಇದನ್ನು ನೆನಪಿಡಬೇಕು.

ತಟ್ಟೆಯೊಳಗಿನ ಸ್ಪೇನ್

ನಿಲ್ದಾಣದ ಹೊರಗೆ ಸಂಜೆ ನಾವು ತಿನ್ನುವ ವಡಾ-ಪಾವನ್ನು ಒಮ್ಮೆ ಬಿಡಿಸಿ ನೋಡೋಣ. 'ಪಾವ್' ಪೋರ್ತುಗೀಜರ ರೊಟ್ಟಿ; ಸ್ಪ್ಯಾನಿಷಿನಲ್ಲಿ 'ಪಾನ್'. ಒಳಗಿರುವ 'ಬಟಾಟೆ' ಇನ್ನೂ ದೂರದಿಂದ ಬಂದದ್ದು. ಕೊಲಂಬಸನು ೧೪೯೨ರಲ್ಲಿ ಅಟ್ಲಾಂಟಿಕ್ ಸಮುದ್ರ ದಾಟಿದಾಗ ಅಲ್ಲಿಯ ದ್ವೀಪಗಳಲ್ಲಿದ್ದ ತಾಯ್ನೊ ಎಂಬ ಜನರು ಸಿಹಿಗೆಣಸಿಗೆ 'ಬತಾತಾ' ಎನ್ನುತ್ತಿದ್ದರು. ಸ್ಪೇನಿನವರು ಆ ಮಾತನ್ನು ಕಲಿತರು. ಅದು ಮುಂದೆ ಆಲೂಗಡ್ಡೆಗೂ ಅಂಟಿಕೊಂಡಿತು. ಇಂಗ್ಲಿಷರ 'ಪೊಟೇಟೊ' ಕೂಡ ಅದರ ಮೊಮ್ಮಗುವೇ. ಹಾಗೆ ನೋಡಿದರೆ ಬಟಾಟೆ ಎಂಬ ನಮ್ಮ ಉಚ್ಚಾರವೇ ಇಂಗ್ಲಿಷಿಗಿಂತ ಮೂಲಕ್ಕೆ ಹತ್ತಿರ! ಟೊಮೇಟೊ, ಪಪ್ಪಾಯಿ, ಚಾಕೊಲೇಟುಗಳೂ ಆ ಹೊಸ ಖಂಡದ ಮಾತುಗಳೇ. ಸ್ಪೇನಿನವರ ಬಾಯಿಗೆ ಮೊದಲು ಬಂದು, ಅಲ್ಲಿಂದ ಲೋಕಕ್ಕೆ ಹರಡಿದವು.

ವಡಾ-ಪಾವಿನ ಪಕ್ಕದ ಹಸಿಮೆಣಸಿನಕಾಯಿಯೂ ಅಮೆರಿಕದ್ದೇ. ಅದರ ಹೆಸರಿಟ್ಟ ರೀತಿಯನ್ನು ನೋಡಿ. ಕೊಲಂಬಸನು ಹುಡುಕಿ ಹೊರಟದ್ದರಲ್ಲಿ ಕಾಳುಮೆಣಸೂ ಒಂದು. ಸ್ಪ್ಯಾನಿಷಿನಲ್ಲಿ ಅದು 'ಪಿಮ್ಯೆಂತಾ'. ಅದರಂತೆಯೇ ಖಾರವಾದ ಹೊಸ ಕಾಯಿ ಸಿಕ್ಕಾಗ ಒಂದಕ್ಷರ ಬದಲಿಸಿ 'ಪಿಮ್ಯೆಂತೊ' ಎಂದರು. ಅದೇ ಕಾಯಿ ನಮ್ಮ ನಾಡಿಗೆ ಬಂದಾಗ ನಮ್ಮ ಹಿರಿಯರೂ ಹಾಗೆಯೇ ಮಾಡಿದರು. ಮೆಣಸು ಅವರಿಗೆ ಮೊದಲೇ ಗೊತ್ತಿತ್ತು. ಖಾರದ ಕಾಯಿಗೆ 'ಮೆಣಸಿನಕಾಯಿ' ಎಂದರು. ಇವರನ್ನು ಅವರು ನೋಡಲಿಲ್ಲ, ಅವರನ್ನು ಇವರು ಕೇಳಲಿಲ್ಲ. ಖಾರ ತಿಂದ ನಾಲಿಗೆ ಎಲ್ಲಿಯೂ ಒಂದೇ ರೀತಿ ಯೋಚಿಸುತ್ತದೆಂದು ತೋರುತ್ತದೆ.

ಹಾಗಾದರೆ ವಡಾ-ಪಾವಿನಲ್ಲಿ ನಮ್ಮದೇನು? ವಡೆ ನಮ್ಮದು. ೧೨ನೆಯ ಶತಮಾನದಲ್ಲಿ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಬರೆಸಿದ 'ಮಾನಸೋಲ್ಲಾಸ'ದಲ್ಲಿಯೇ ಅದರ ಪ್ರಸ್ತಾಪವುಂಟು. ಅವನ ರಾಜಧಾನಿ ಕಲ್ಯಾಣ. ಲೋಕಲ್ ರೈಲಿನ ಕಲ್ಯಾಣವಲ್ಲ, ಬೀದರ ಜಿಲ್ಲೆಯ ಬಸವಕಲ್ಯಾಣ.

ಕೆಲಸದವರ ಮಾತುಗಳು

ಇನ್ನು ಸ್ಪ್ಯಾನಿಷಿಗೇ ವಿಶೇಷವಾದ ಕೆಲವು ಮಾತುಗಳನ್ನು ನೋಡೋಣ. ನಾವು ದುಡಿಯುವ ಜನವಾದ್ದರಿಂದ ದುಡಿಮೆಯಿಂದಲೇ ಪ್ರಾರಂಭಿಸೋಣ.

ಕೆಲಸಕ್ಕೆ ಅವರಲ್ಲಿ 'ತ್ರಬಾಹೊ' ಎನ್ನುತ್ತಾರೆ. ಇದರ ಮೂಲ ಲ್ಯಾಟಿನಿನ 'ತ್ರಿಪಾಲಿಯಂ'. ಮೂರು ಗೂಟಗಳಿಗೆ ಕಟ್ಟಿ ಹಿಂಸಿಸುವ ಸಾಧನ! ಕೆಲಸದಿಂದ ನಿವೃತ್ತಿ ಹೊಂದುವುದಕ್ಕೆ 'ಹುಬಿಲಾಸ್ಯೋನ್'. ಇದರ ಮೂಲಾರ್ಥ ಸಂತೋಷದಿಂದ ಕೇಕೆ ಹಾಕುವುದು. ಗೂಟದಿಂದ ಕೇಕೆಯವರೆಗಿನ ಪ್ರಯಾಣವೇ ನೌಕರಿ ಎಂದು ಅವರ ನಿಘಂಟು ಹೇಳುತ್ತದೆ. ನಡುವೆ ಸ್ವಲ್ಪ 'ಸ್ಯೆಸ್ತಾ' ಉಂಟು, ಎಂದರೆ ಮಧ್ಯಾಹ್ನದ ನಿದ್ದೆ. ಸೂರ್ಯೋದಯದಿಂದ ಆರನೆಯ ಗಂಟೆ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಅದು ಬಂದಿದೆ.

ಗುರುವಾರ ಹಬ್ಬದ ರಜೆ ಬಂದರೆ ಶುಕ್ರವಾರವೂ ರಜೆ ಹಾಕಿ ಶನಿವಾರ, ಭಾನುವಾರಗಳಿಗೆ ಕೂಡಿಸುವ ವಿದ್ಯೆ ನಮ್ಮ ಗುಮಾಸ್ತರಿಗೆ ಗೊತ್ತಿಲ್ಲದ್ದಲ್ಲ. ಸ್ಪೇನಿನವರು ಇದಕ್ಕೆ ಒಂದು ಹೆಸರನ್ನೇ ಕೊಟ್ಟಿದ್ದಾರೆ: 'ಪ್ವೆಂತೆ', ಎಂದರೆ ಸೇತುವೆ. "ನಾನು ಈ ವಾರ ಸೇತುವೆ ಕಟ್ಟುತ್ತೇನೆ" ಎಂದು ಅಲ್ಲಿಯ ಗುಮಾಸ್ತ ಹೇಳಿದರೆ ಅವನು ಇಂಜಿನಿಯರ ಎಂದು ತಿಳಿಯಬಾರದು. ನಮ್ಮ ದೀಪಾವಳಿ ಬೋನಸ್ಸಿನಂತೆ ಅವರಲ್ಲಿ ಕ್ರಿಸ್‌ಮಸ್ಸಿಗೆ 'ಅಗಿನಾಲ್ದೊ' ಕೊಡುವ ಪದ್ಧತಿಯಿದೆ. ಮೆಕ್ಸಿಕೋ ದೇಶದಲ್ಲಿ ಡಿಸೆಂಬರ್ ೨೦ರೊಳಗೆ ಕನಿಷ್ಠ ೧೫ ದಿನಗಳ ಸಂಬಳದಷ್ಟು ಅಗಿನಾಲ್ದೊ ಕೊಡಬೇಕೆಂದು ಕಾನೂನೇ ಇದೆ.

ನಸುಕಿನಲ್ಲಿ ಎದ್ದು ಹೊರಡುವುದಕ್ಕೆ 'ಮದ್ರುಗಾರ್' ಎಂಬ ಒಂದೇ ಕ್ರಿಯಾಪದವಿದೆ. ನಾಲ್ಕೂವರೆಗೆ ಎದ್ದು, ಡಬ್ಬಿ ಕಟ್ಟಿಸಿಕೊಂಡು ಮೊದಲ ಗಾಡಿಗೆ ಓಡುವ ನಾವು ಪ್ರತಿದಿನವೂ ಮದ್ರುಗಾರ್ ಮಾಡುವವರೇ. ರಾತ್ರಿ ಊಟವಾದ ಮೇಲೆ ತಟ್ಟೆಗಳನ್ನು ತೆಗೆದರೂ ಏಳದೆ, ಕೈ ಒಣಗುವವರೆಗೆ ಕುಳಿತು ಮಾತಾಡುವುದುಂಟಲ್ಲ, ಅದಕ್ಕೂ ಒಂದು ಹೆಸರಿದೆ: 'ಸೊಬ್ರೆಮೇಸಾ'. 'ಮೇಸಾ' ಎಂದರೆ ಮೇಜು. ಮೇಜಿನ ಮೇಲಿನದು ಎಂದು ಶಬ್ದಾರ್ಥ. ನೆಲದ ಮೇಲೆ ಕುಳಿತು ಉಣ್ಣುವ ನಮ್ಮ ಖೋಲಿಗಳಲ್ಲಿ ಮೇಜು ಇಲ್ಲದಿದ್ದರೂ ಸೊಬ್ರೆಮೇಸಾ ಧಾರಾಳವಾಗಿದೆ.

ಬೀಗರು, ಬೇಡಿ ಮತ್ತು ಬಿಸಿತಲೆ

ಮಗಳನ್ನು ಕೊಟ್ಟವರು, ತಂದುಕೊಂಡವರು ಪರಸ್ಪರ ಏನಾಗಬೇಕು? ಇಂಗ್ಲಿಷಿನಲ್ಲಿ ಇದಕ್ಕೆ ಒಂದು ನೆಟ್ಟಗಿನ ಮಾತಿಲ್ಲ. ಕನ್ನಡದಲ್ಲಿ 'ಬೀಗರು'. ಸ್ಪ್ಯಾನಿಷಿನಲ್ಲಿ 'ಕೊನ್‌ಸ್ವೇಗ್ರೊ', ಎಂದರೆ ಜೊತೆ-ಮಾವ. ಬೀಗರೂಟದ ಬಿಸಿ ಅವರಿಗೂ ತಾಗಿದೆಯೆಂದಾಯಿತು! ಒಂದೇ ಹೆಸರಿನ ಇಬ್ಬರು ಒಬ್ಬರನ್ನೊಬ್ಬರು 'ತೊಕಾಯೊ' ಎಂದು ಕರೆಯುತ್ತಾರೆ. ನಮ್ಮ ಒಂದೊಂದು ಕಟ್ಟಡದಲ್ಲಿ ನಾಲ್ಕು ನಾಲ್ಕು ಬಸವರಾಜರಿರುವುದರಿಂದ ಈ ಮಾತನ್ನು ನಾವು ಎರವಲು ತಂದರೂ ನಷ್ಟವಿಲ್ಲ. ಹೆಂಡತಿಗೆ 'ಎಸ್ಪೋಸಾ', ಅದರ ಬಹುವಚನವಾದ 'ಎಸ್ಪೋಸಾಸ್' ಎಂಬುದಕ್ಕೆ ಹೆಂಡತಿಯರು ಎಂದೂ ಅರ್ಥ, ಪೊಲೀಸರು ತೊಡಿಸುವ ಕೈಬೇಡಿ ಎಂದೂ ಅರ್ಥ. ಈ ಬಗ್ಗೆ ಹೆಚ್ಚು ಬರೆಯಲು ನನಗೆ ಮನೆಯಿಂದ ಅನುಮತಿಯಿಲ್ಲ.

ಎರಡು ಮೂರು ಮಾತುಗಳನ್ನು ಹೊಲಿದು ಒಂದು ಮಾಡುವುದರಲ್ಲಿ ಅವರು ಗಟ್ಟಿಗರು. ಒಗಟಿಗೆ 'ತಲೆ-ಒಡೆಯುವುದು' ಎನ್ನುತ್ತಾರೆ. ಕೊಡೆಗೆ 'ನೀರು-ತಡೆ'. ಆ ಹೆಸರಿಟ್ಟವರು ಜುಲೈ ತಿಂಗಳ ನವಿ ಮುಂಬಯಿಯನ್ನು ಕಂಡಿರಲಾರರು. ನಾಲ್ಕು ಜನ ನಲಿಯುವಲ್ಲಿ ರಸಭಂಗ ಮಾಡುವವನು ಅವರಿಗೆ 'ಹಬ್ಬಕ್ಕೆ-ನೀರೆರೆಯುವವನು', ನಮಗೆ ಪಾನಕದಲ್ಲಿಯ ಪರಡಿ. ಚಾಡಿಕೋರನಿಗೆ ಇಟ್ಟ ಹೆಸರಂತೂ ಒಂದು ಇಡೀ ವಾಕ್ಯ: 'ಕೊರ್ರೆವೇಯ್ದೀಲೆ', ಎಂದರೆ 'ಓಡು-ಹೋಗು-ಅವನಿಗೆ-ಹೇಳು'. ಎತ್ತರದ ಕಟ್ಟಡ ಅವರಿಗೆ 'ಆಕಾಶ-ಕೆರೆಯುವುದು', ನಮಗೆ ಗಗನಚುಂಬಿ. ಅವರ ಕಟ್ಟಡ ಆಕಾಶವನ್ನು ಕೆರೆದರೆ ನಮ್ಮದು ಮುತ್ತಿಡುತ್ತದೆ. ಸೀವುಡ್ಸಿನಲ್ಲಿ ಇಂಥ ಕಟ್ಟಡಗಳಿಗೆ ಕಬ್ಬಿಣ ಹೊತ್ತವರಿಗೆ ಎರಡರಲ್ಲಿ ಯಾವುದು ಸರಿಯೆನಿಸುವುದೋ ಅವರೇ ಹೇಳಬೇಕು.

ಕೇಳಿದೊಡನೆ ಗೊತ್ತೆಂದು ಭ್ರಮೆ ಹುಟ್ಟಿಸಿ ಮೋಸ ಮಾಡುವ ಮಾತುಗಳೂ ಉಂಟು. ಇಂಗ್ಲಿಷ್ ಬಲ್ಲವನು ನಾಚಿಕೆಯಾಯಿತೆಂದು ಹೇಳಹೋಗಿ 'ಎಂಬರಸಾದಾ' ಎಂದರೆ, ಸ್ಪ್ಯಾನಿಷಿನಲ್ಲಿ ಅದು 'ಗರ್ಭಿಣಿ' ಎಂದಾಗುತ್ತದೆ. ಇಂಥ ಪೇಚು ನಮಗೆ ಇಲ್ಲಿ ದಿನವೂ ಇದೆ. ಹಿಂದಿಯಲ್ಲಿ 'ಶಿಕ್ಷಾ' ಎಂದರೆ ವಿದ್ಯೆ; ಕನ್ನಡದ ಶಿಕ್ಷೆಯೇ ಬೇರೆ. ಊರಿನಿಂದ ಹೊಸದಾಗಿ ಬಂದವನಿಗೆ ಶಿಕ್ಷಾಮಂತ್ರಿ ಎಂದರೆ ದಂಡನೆ ಕೊಡುವ ಮಂತ್ರಿಯೆಂದೇ ತೋರುತ್ತದೆ. ನಮ್ಮ ಉಪನ್ಯಾಸ ಭಾಷಣ, ಹಿಂದಿಯವರ ಉಪನ್ಯಾಸ ಕಾದಂಬರಿ. 'ಉಪನ್ಯಾಸ ಓದಿದೆ' ಎಂದು ಅವರು ಹೇಳಿದರೆ ಯಾವ ಸಭೆಯಲ್ಲಿ ಎಂದು ನಾವು ಕೇಳಬಾರದು.

ಒಂದು ಅಕ್ಷರಕ್ಕಾಗಿ ಹಟ

ಚ ಛ ಜ ಝ ಞ ಎಂದು ನಾವು ಶಾಲೆಯಲ್ಲಿ ಗಟ್ಟಿಯಾಗಿ ಹೇಳಿದ್ದೇವೆ. ಕಡೆಯ ಆ 'ಞ' ಎಂಬ ಬಡಪಾಯಿಗೆ ಕನ್ನಡದಲ್ಲಿ ಸ್ವಂತ ಕೆಲಸ ಕಡಿಮೆ. ಜ್ಞಾನದಲ್ಲಿ ಒತ್ತಾಗಿ ಕುಳಿತರೆ ಅದರ ದಿನದ ದುಡಿಮೆ ಮುಗಿಯಿತು. ಸ್ಪ್ಯಾನಿಷಿನಲ್ಲಿ ಅದೇ ರಾಜನಕ್ಷರ. ಮಗು 'ನೀಞೊ', ದೇಶ 'ಎಸ್ಪಾಞಾ', ಭಾಷೆ 'ಎಸ್ಪಾಞೋಲ್'. 'ಮಞಾನಾ' ಎಂದರೆ ಬೆಳಿಗ್ಗೆ ಎಂದೂ ನಾಳೆ ಎಂದೂ ಎರಡರ್ಥ. ಹಿಂದಿಯ 'ಕಲ್' ನಿನ್ನೆಯೂ ಆಗಿ ನಾಳೆಯೂ ಆಗುವುದನ್ನು ಕಂಡ ನಮಗೆ ಇದು ಆಶ್ಚರ್ಯವಲ್ಲ.

ಈ ಅಕ್ಷರವನ್ನು ಅವರು ಬರೆಯುವುದು 'ನ'ಕಾರದ ಮೇಲೆ ಒಂದು ಸಣ್ಣ ಅಲೆಯ ಗೆರೆ ಎಳೆದು. ಹಿಂದೆ ಕೈಬರಹದವರು ಎರಡು 'ನ' ಬರೆಯುವ ಬದಲು ಒಂದನ್ನು ಇನ್ನೊಂದರ ನೆತ್ತಿಯ ಮೇಲೆ ಸಣ್ಣದಾಗಿ ಬರೆಯುತ್ತಿದ್ದರು; ಅದೇ ಕ್ರಮೇಣ ಅಲೆಯಾಯಿತು. ನಮ್ಮ ಒತ್ತಕ್ಷರ ಕೆಳಗೆ ಇಳಿದರೆ ಅವರದು ಮೇಲೆ ಹತ್ತಿತು. ೧೯೯೧ರಲ್ಲಿ ಒಂದು ವಿವಾದ ಎದ್ದಿತು. ಈ ಅಕ್ಷರವಿಲ್ಲದ ಗಣಕಯಂತ್ರಗಳನ್ನು ಸ್ಪೇನಿನಲ್ಲಿ ಮಾರಬಾರದೆಂಬ ನಿಯಮ ವ್ಯಾಪಾರಕ್ಕೆ ಅಡ್ಡಿಯಾಗುತ್ತದೆ, ಅದನ್ನು ತೆಗೆಯಬೇಕು ಎಂದು ಯುರೋಪಿನ ಒಕ್ಕೂಟ ಹೇಳಿತು. ಸ್ಪೇನಿನ ಸಾಹಿತಿಗಳೂ ಸಾಮಾನ್ಯ ಜನರೂ ಸಿಟ್ಟಾದರು. ೧೯೯೩ರಲ್ಲಿ ಸರಕಾರ ಆ ಅಕ್ಷರದ ರಕ್ಷಣೆಗಾಗಿಯೇ ಆಜ್ಞೆ ಹೊರಡಿಸಿತು. ಹತ್ತಾರು ಜನರ ಮಾತುಗಳನ್ನು ಎಗ್ಗಿಲ್ಲದೆ ಒಳಗೆ ಬಿಟ್ಟುಕೊಂಡ ಭಾಷೆ ಅದು. 'ದೇವರಿಚ್ಛೆಯಿದ್ದರೆ' ಎಂಬರ್ಥದ ಅರಬ್ಬಿ ಮಾತು ಅಲ್ಲಿ 'ಒಹಲಾ' ಆಗಿ ಇಂದಿಗೂ ಕ್ರೈಸ್ತರ ಬಾಯಲ್ಲಿದೆ. ಆದರೆ ತನ್ನ ಒಂದಕ್ಷರವನ್ನು ಮಾತ್ರ ಬಿಟ್ಟುಕೊಡಲಿಲ್ಲ.

ಕೊಟ್ಟದ್ದೂ ಉಂಟು

ನಾವು ತೆಗೆದುಕೊಂಡದ್ದನ್ನೇ ಹೇಳಿದೆ, ಕೊಟ್ಟದ್ದೂ ಕಡಿಮೆಯಲ್ಲ. ಸಂಸ್ಕೃತದ ಶರ್ಕರಾ ಪಾರಸಿ, ಅರಬ್ಬಿಗಳನ್ನು ದಾಟಿ ಸ್ಪೇನಿನಲ್ಲಿ 'ಅಸೂಕರ್' ಆಗಿದೆ. ನಾರಂಗ 'ನರಾಂಹಾ' ಆಗಿದೆ. ನಮ್ಮ ದ್ರಾವಿಡ ಮನೆಯ ತೇಗ ಅಲ್ಲಿ 'ತೇಕಾ'. ಕನ್ನಡದ ಅಡಿಕೆ, ಮಲೆಯಾಳದ ಅಡಯ್ಕಗಳ ಕುಲದ ಮಾತು ಅಲ್ಲಿ 'ಅರೇಕಾ'. ತಮಿಳು, ಮಲೆಯಾಳಗಳ ಮಾಂಗಾಯ್ ಅಲ್ಲಿ 'ಮಾಂಗೊ'. ಇವುಗಳನ್ನು ಆಡುವ ಸ್ಪೇನಿನವನನ್ನು ನೋಡಿ, "ನಿನ್ನದು ಸ್ಪ್ಯಾನಿಷೇ ಅಲ್ಲ, ಕಿಚಡಿ" ಎಂದು ಯಾರೂ ನಗುವುದಿಲ್ಲ. ಸುಮಾರು ೨೦ ದೇಶಗಳ ರಾಜಭಾಷೆಯಾದ ನುಡಿಯಲ್ಲವೇ!

ಈಗ ನಮ್ಮ ಮಿತ್ರರ ಮಾತಿಗೆ ಬರೋಣ. ಚಾವಿ ಎಂದವರನ್ನು ನೋಡಿ ನಕ್ಕ ಆ ನೆಂಟರು ತಮ್ಮ ಮನೆಯಲ್ಲಿ ಬಟ್ಟೆಗೆ ಇಸ್ತ್ರಿ ಮಾಡಿಸುತ್ತಾರೆ, ಮೇಸ್ತ್ರಿಯನ್ನು ಕರೆಯುತ್ತಾರೆ. ಅವರು ತಿನ್ನುವ ಪರಂಗಿ ಹಣ್ಣಿನ ಹೆಸರೇ ಅದು ಫಿರಂಗಿಯವರದೆಂದು ಸಾರುತ್ತದೆ. ಬೇಗ ಬಂದ ಅತಿಥಿ ಮನೆಯವನಾದ, ತಡವಾಗಿ ಬಂದವನು ಪರಕೀಯನಾದ, ಅಷ್ಟೇ ವ್ಯತ್ಯಾಸ. ಇನ್ನೂ ಒಂದು ಸಂಗತಿಯನ್ನು ಗಮನಿಸಿ. 'ಪಗಾರವಾಯಿತು, ಪಗಾರದಲ್ಲಿ, ಪಗಾರವಿಲ್ಲದೆ, ಪಗಾರಕ್ಕಾಗಿ' ಎನ್ನುವಾಗ ಆ ಮಾತಿನ ಬಾಲವೆಲ್ಲ ಕನ್ನಡ. ವಿಭಕ್ತಿ ನಮ್ಮದು, ಕ್ರಿಯಾಪದ ನಮ್ಮದು. ಬಂದ ಮಾತು ನಮ್ಮ ಪಂಚೆ ಉಟ್ಟು ನಮ್ಮ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತದೆ.

ಹಾಗಾದರೆ ಭಾಷೆಗೆ ಭಯವೇ ಇಲ್ಲವೇ? ಇದೆ. ಅದನ್ನು ತಿಳಿಯಲು ಸ್ಪೇನಿಗೆ ಹೋಗಬೇಕಾಗಿಲ್ಲ. ನಮ್ಮ ಪಕ್ಕದ ರಾಯಗಡ ಜಿಲ್ಲೆಗೆ ಹೋದರೆ ಸಾಕು. ಅಲ್ಲಿ ರೇವದಂಡದ ಖಾಡಿಯಾಚೆ ಕೋರ್ಲಾಯಿ ಎಂಬ ಸಣ್ಣ ಊರಿದೆ. ೧೭೪೦ರಲ್ಲಿ ಪೋರ್ತುಗೀಜರು ಆ ಸೀಮೆಯನ್ನು ಬಿಟ್ಟುಹೋದರು. ಅವರೊಡನೆ ಬೆರೆತು ಪೋರ್ತುಗೀಜವನ್ನು ತಮ್ಮದೇ ರೀತಿಯಲ್ಲಿ ಕಲಿತಿದ್ದ ಅಲ್ಲಿಯ ಕ್ರೈಸ್ತ ಜನ ಹಿಂದೆ ಉಳಿದರು. ಅವರಿಗೆ ಆಮೇಲೆ ಆ ಭಾಷೆಯ ಶಾಲೆಯಿರಲಿಲ್ಲ, ಪತ್ರಿಕೆಯಿರಲಿಲ್ಲ. ಸುತ್ತಲೂ ಮರಾಠಿ. ಅವರ ಮಾತಿನಲ್ಲಿ ಮರಾಠಿ ಯಥೇಚ್ಛವಾಗಿ ಬೆರೆಯಿತು. ಆದರೂ ಸುಮಾರು ಸಾವಿರ ಜನರ ಆ ಸಮುದಾಯದಲ್ಲಿ ಅದು ಇಂದಿಗೂ ಮನೆಮಾತು. ಅವರು ಅದನ್ನು 'ನೋ ಲಿಂಗ್' ಎನ್ನುತ್ತಾರೆ. ಅರ್ಥ 'ನಮ್ಮ ನುಡಿ'.

ಪುಸ್ತಕವಿಲ್ಲದೆ, ಅಧಿಕಾರದ ಬೆಂಬಲವಿಲ್ಲದೆ, ೨೮೦ ವರ್ಷಗಳಿಗೂ ಹೆಚ್ಚು ಕಾಲ ಒಂದು ಸಣ್ಣ ಊರು ಇದನ್ನು ಹೇಗೆ ಉಳಿಸಿತು? ತಾಯಿ ಮಗುವಿನೊಡನೆ ಆಡಿದಳು, ಮಗು ತಿರುಗಿ ಆಡಿತು. ಬೆರಕೆಯಿಂದ ಅದು ಸಾಯಲಿಲ್ಲ. ಮಕ್ಕಳು ತಿರುಗಿ ಉತ್ತರ ಕೊಡುವುದನ್ನು ನಿಲ್ಲಿಸಿದ ದಿನ ಅದು ಸಾಯುತ್ತದೆ. ನಮಗೂ ಇದೇ ಮಾತು. ನಮ್ಮ ಮಿತ್ರರ ಬಾಯಲ್ಲಿ ಪಗಾರ, ಚಾವಿ ಬಂದದ್ದಕ್ಕೆ ನಾನು ಹೆದರುವುದಿಲ್ಲ. ಅಂದು ಜಾತ್ರೆಯಲ್ಲಿ ಅವರ ಮಗ ನಕ್ಕನಲ್ಲ, ಅದಕ್ಕೆ ಹೆದರುತ್ತೇನೆ. ತಂದೆಯ ಕನ್ನಡ ನಗೆಗೀಡಾಗುವಂಥದು ಎಂದು ಹುಡುಗನ ಮನಸ್ಸಿನಲ್ಲಿ ಕುಳಿತರೆ ಅವನು ನಾಳೆ ಅದನ್ನು ಆಡದೆ ಇರಬಹುದು. ಆದುದರಿಂದ ಮಿತ್ರರಿಗೆ ನಾನು ಹೇಳಿದ್ದು ಇಷ್ಟೇ: ಇಂದು ರಾತ್ರಿ ಊಟವಾದ ಮೇಲೆ ಮಗನನ್ನು ಎದುರಿಗೆ ಕೂರಿಸಿಕೊಂಡು ಪಗಾರದ ಕಥೆ ಹೇಳಿ. ಕನ್ನಡದಲ್ಲಿಯೇ ಹೇಳಿ.

ಕಡೆಯದಾಗಿ ಒಂದು ಮಾತು. ಸ್ಪ್ಯಾನಿಷಿನಲ್ಲಿ 'ದೆ ಬಾಲ್ದೆ' ಎಂಬ ನುಡಿಯಿದೆ. ಬಾಲ್ದಿಗೂ ಅದಕ್ಕೂ ಸಂಬಂಧವಿಲ್ಲ. ಅದು ಅರಬ್ಬಿ ಮೂಲದ್ದು. ಅರ್ಥ 'ಬಿಟ್ಟಿಯಾಗಿ, ಹಣವಿಲ್ಲದೆ'. ನಮ್ಮ ವಾಚನಾಲಯವೂ ದೆ ಬಾಲ್ದೆಯೇ. ಬಿಡುವಿದ್ದಾಗ ಬನ್ನಿ, ಮಕ್ಕಳನ್ನೂ ಕರೆತನ್ನಿ. ನಿಮ್ಮ ನಿಮ್ಮ ಊರಿನಲ್ಲಿ ಆಡುವ ಅಪರೂಪದ ಮಾತೊಂದನ್ನು ಚೀಟಿಯಲ್ಲಿ ಬರೆದು ತಂದರೆ ಇಲ್ಲಿಯ ಫಲಕಕ್ಕೆ ಹಚ್ಚೋಣ. ಬಾಗಿಲಿಗೆ ಚಾವಿ ಹಾಕುವ ಮುನ್ನ ಬರಬೇಕು, ಅಷ್ಟೇ.